ಕಡಲೆಕಾಳಿನಷ್ಟು ಕಲ್ಲು

"ಕಡ್ಲೆಕಾಳಷ್ಟು ಇರೋದು ಮಾತ್ರ ಬೇಡ ಸಾರ್" ಎಂದು ಗೋಪಿ ಹೇಳಿದಾಗ ಅಮರನಾಥನಿಗೆ ಮೊದಲು ಆದದ್ದು ಸಂತೋಷ. ಅದು ಸಂತೋಷವೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಅದು ಹೋಗಲಿಲ್ಲ. ಕಾರ್ಖಾನೆಯ ಕಾಗದಪತ್ರ ಕೊಡಲು ಮಾಲೂರಿನಿಂದ ಕೋಲಾರಕ್ಕೆ ಬಂದವನು, ಕೆಲಸ ಬೇಗ ಮುಗಿಯಿತೆಂದು ಶನಿವಾರ ಮಧ್ಯಾಹ್ನ ಈ ಮೀನಿನ ಅಂಗಡಿಗೆ ನುಗ್ಗಿದ್ದ. ಮಗಳ ಗೋಲ್ಡ್ ಫಿಶ್ ತೊಟ್ಟಿಯ ತಳಕ್ಕೆ ಏನು ಹಾಸಬೇಕು ಎಂದು ಕೇಳಿಕೊಂಡು ಹೋಗುವುದಷ್ಟೇ ಅವನ ಉದ್ದೇಶ. ಅಂಗಡಿ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಎರಡೂ ಗೋಡೆಗೆ ಗಾಜಿನ ತೊಟ್ಟಿಗಳು, ನೆಲದ ಮೇಲೆ ನೀಲಿ, ಗುಲಾಬಿ, ಗಿಣಿಹಸಿರು ಕಲ್ಲಿನ ಚೀಲಗಳು. ಅಂಗಡಿಯ ಹುಡುಗನೋ ಯಜಮಾನನೋ ಗೊತ್ತಾಗದ ವಯಸ್ಸಿನ ಗೋಪಿ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಒಂದೊಂದೇ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ಈ ಬಣ್ಣದ್ದು ತಗೋಬೇಡಿ, ಆರು ತಿಂಗಳಿಗೆ ಬಣ್ಣ ಬಿಡುತ್ತೆ. ಗೋಲ್ಡ್ ಫಿಶ್ ಸುಮ್ನೆ ಇರೋ ಜಾತಿ ಅಲ್ಲ. ಕೆಳಗೆ ಬಿದ್ದಿರೋದನ್ನೆಲ್ಲ ಬಾಯಿಗೆ ಹಾಕ್ಕೊಂಡು, ರುಚಿ ನೋಡಿ ಉಗುಳುತ್ತೆ. ಬೆಳಗಿಂದ ಸಾಯಂಕಾಲದವರ್ಗೂ ಅದೇ ಕಸುಬು ಅದಕ್ಕೆ. ಸಣ್ಣ ಮರಳಾದ್ರೆ ಕಿವಿರಲ್ಲಿ ಆಚೆ ಹೋಗುತ್ತೆ. ನಿಂಬೆಹಣ್ಣಿನಷ್ಟು ಗುಂಡುಕಲ್ಲಾದ್ರೆ ಬಾಯಿಗೇ ಹಿಡಿಯಲ್ಲ. ಈ ನಡುವಿಂದು ಇದೆಯಲ್ಲ, ಅದೇ ಯಮ."

"ಉಜ್ಜಿ ನುಣ್ಣಗೆ ಮಾಡಿದ್ರೆ?" ಎಂದು ಅಮರನಾಥ ಕೇಳಿದ.

"ನುಣ್ಣಗಿದ್ರೆ ಇನ್ನೂ ಕಷ್ಟ. ಸಲೀಸಾಗಿ ಒಳಗೆ ಜಾರುತ್ತೆ, ಆಚೆ ಬರೋವಾಗ ಗಂಟಲಲ್ಲಿ ಕೂತ್ಕೊಳ್ಳುತ್ತೆ. ಯಾಕ್ ಸಾರ್, ಮನೇಲಿ ಯಾರಾದ್ರೂ ಹಾಕಿದಾರಾ?"

"ಇಲ್ಲ. ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದ್ದಲ್ಲ. ಮಾಲೂರಿನ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು, ಅವನ ಅಪ್ಪ ಆಂಜಿನಪ್ಪ ಮೂರು ವಾರದಿಂದ ಕಡಲೆಕಾಳಿನಷ್ಟು ಕಲ್ಲುಗಳನ್ನೇ ಉಜ್ಜುತ್ತಿದ್ದ. ದಿವ್ಯಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಶ್ರೀನಿವಾಸಪುರದ ಸೋದರಮಾವ ಗಾಜಿನ ತೊಟ್ಟಿಯನ್ನೂ ಬೆರಳುದ್ದದ ಒಂದು ಮೀನನ್ನೂ ತಂದುಕೊಟ್ಟಿದ್ದ. ಅದರ ಬಣ್ಣ ನೋಡಿ ಅವಳು ಬೆಲ್ಲ ಎಂದು ಹೆಸರಿಟ್ಟಳು. ತಳ ಬೋಳಾಗಿದೆ, ಚೆನ್ನಾಗಿಲ್ಲ ಎಂದು ಅವಳು ತಾತನಿಗೆ ಹೇಳಿದ್ದೇ ತಡ, ಮಾರನೆಯ ದಿನ ಮುದುಕ ಯಾರಿಗೂ ಹೇಳದೆ ಬಸ್ಸು ಹತ್ತಿ ಶಿವಾರಪಟ್ಟಣಕ್ಕೆ ಹೋಗಿ, ನಲವತ್ತು ವರ್ಷ ತಾನು ದುಡಿದ ವಿಗ್ರಹದ ಶೆಡ್ಡಿನ ಹಿಂದೆ ರಾಶಿ ಬಿದ್ದಿದ್ದ ಕಲ್ಲಿನ ಚಕ್ಕೆಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದ. ಚಕ್ಕೆಯ ಅಂಚು ಕತ್ತಿಯ ಹಾಗೆ, ಮೀನಿನ ತುಟಿ ಕುಯ್ಯುತ್ತದೆ ಎಂದು ಅವನಿಗೇ ಹೊಳೆದಿತ್ತು. ಅದಕ್ಕೇ ಒಂದೊಂದನ್ನೂ ಒಡೆದು, ಉಜ್ಜುಗಲ್ಲಿಗೆ ನೀರು ಬಿಟ್ಟುಕೊಂಡು ತೀಡಿ, ಕೊನೆಗೆ ಬಟ್ಟೆಯಲ್ಲಿ ತಿಕ್ಕಿ, ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೆರಳ ತುದಿ ಸವೆದು ಎಷ್ಟೋ ವರ್ಷವಾದ ಮೇಲೆ ನಯ ಗೊತ್ತಾಗುವುದು ನಾಲಿಗೆಗೆ ಮಾತ್ರ. ವಿಗ್ರಹದ ಮುಖವನ್ನೂ ಅವನು ಹಾಗೆಯೇ ನೋಡುತ್ತಿದ್ದ, ದೇವರ ಕೆನ್ನೆಗೆ ತನ್ನ ತುಟಿ ಸವರಿ. ಕಲ್ಲು ಈ ಕೆನ್ನೆಯಿಂದ ಆ ಕೆನ್ನೆಗೆ ಆಡಿ, ಎಲ್ಲೂ ತಡೆಯದಿದ್ದರೆ ಅಂಗೈಗೆ ಉಗುಳಿ ದಿವ್ಯಳ ಬಟ್ಟಲಿಗೆ ಹಾಕುವುದು. ದೊಡ್ಡದಾದರೆ ಬಾಯಲ್ಲಿ ಆಡುವುದಿಲ್ಲ, ಚಿಕ್ಕದಾದರೆ ನಾಲಿಗೆಗೆ ಸಿಗುವುದಿಲ್ಲ. ಹಾಗಾಗಿ ಮೂರು ವಾರದ ಕಲ್ಲುಗಳೆಲ್ಲ ಅಚ್ಚುಹೊಯ್ದ ಹಾಗೆ ಒಂದೇ ಅಳತೆ.

ಗೋಪಿ ತೂಗಿ ಕಟ್ಟಿಕೊಟ್ಟ ತೊಳೆದ ಮರಳಿನ ಚೀಲವನ್ನು ಗಾಡಿಯ ಸೀಟಿನ ಕೆಳಗೆ ಇಟ್ಟು ಅಮರನಾಥ ಮಾಲೂರಿನ ಕಡೆ ಹೊರಟ. ಹೋದ ಕೂಡಲೇ ಹೇಳಿಬಿಡಬೇಕು. ನಾಯ್ನ, ನಿನ್ನ ಕಲ್ಲು ಆಗಲ್ಲ, ಮೀನು ಸಾಯುತ್ತೆ. ಅಪ್ಪನನ್ನು ನಾಯ್ನ ಎಂದೇ ಕರೆದು ಅವನಿಗೆ ಅಭ್ಯಾಸ; ಸಿಟ್ಟು ಬಂದಾಗಲೂ ಬಾಯಲ್ಲಿ ಬರುವುದು ಆ ಮೆದು ತೆಲುಗು ಮಾತೇ, ಅದೊಂದು ಪೀಡೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ದಿವ್ಯಳ ಎದುರಿಗೆ ಹೇಳಬೇಕೋ, ಅವಳಿಲ್ಲದಾಗ ಹೇಳಬೇಕೋ. ಅವಳ ಎದುರಿಗೆ ಹೇಳಿದರೆ ಮುದುಕನ ಮುಖ ಹೇಗಾಗಬಹುದು ಎಂದು ಊಹಿಸಿ, ಊಹಿಸುವುದರಲ್ಲಿ ರುಚಿ ಹತ್ತಿ, ಎರಡು ಸಲ ಊಹಿಸಿದ. ಶಿವಾರಪಟ್ಟಣದ ಆ ವಿಗ್ರಹದ ಶೆಡ್ಡು ನೆನಪಾಯಿತು, ಆಗ ಅವನಿಗೆ ಹನ್ನೆರಡು ವರ್ಷ. ಬೇಸಿಗೆ ರಜಕ್ಕೆ ಕಸುಬು ಕಲಿಯಲಿ ಎಂದು ಅಪ್ಪ ಕೂರಿಸಿದ್ದ. ಉಳಿ ಹಿಡಿಯುವ ಕಸುಬಲ್ಲ, ಅದು ಆಚಾರಿಗಳದ್ದು; ಅವರು ಕೆತ್ತಿ ಎಸೆದದ್ದನ್ನು ಉಜ್ಜಿ ನಯ ಮಾಡುವ ಕಸುಬು. ಮುಳಬಾಗಿಲಿನ ಆಚೆ ಯಾವುದೋ ಊರಿಗೆ ಹೋಗಬೇಕಿದ್ದ ಆಳೆತ್ತರದ ವೆಂಕಟರಮಣನ ಎಡಗೆನ್ನೆ ಅವನ ಪಾಲಿಗೆ ಬಂದಿತ್ತು. ನಯವಾದ ಉಜ್ಜುಗಲ್ಲಿನ ಬದಲು ಒರಟಿನದು ಕೈಗೆ ಸಿಕ್ಕಿ, ನಾಲ್ಕೇ ಎಳೆತಕ್ಕೆ ದೇವರ ಕೆನ್ನೆಯ ಮೇಲೆ ಬೆಕ್ಕು ಪರಚಿದ ಹಾಗೆ ಗೀರು. ಯಜಮಾನರು ಬಂದು ಯಾರ ಕೈ ಇದು ಎಂದು ಕೇಳಿದರು. ಎಂಟು ಜನ ಕೂತಿದ್ದ ಶೆಡ್ಡು. ಅಪ್ಪ ತಲೆ ಎತ್ತದೆ ಹೇಳಿದ್ದ: "ನಂದಲ್ಲ ಯಜಮಾನ್ರೇ, ಇವನ್ದು. ಕೈ ಅಲ್ಲ ಅದು, ಕಾಲು." ಎಂಟು ಜನವೂ ನಕ್ಕರು. ಯಜಮಾನರೂ ನಕ್ಕರು, ನಕ್ಕದ್ದರಿಂದ ಅಪ್ಪನ ಕೂಲಿ ಉಳಿಯಿತು. ಗೀರು ಹೋಗಲು ಅಪ್ಪ ಎರಡು ದಿನ ಆ ಕೆನ್ನೆಯನ್ನು ಉಜ್ಜಿದ, ಉಜ್ಜುವಷ್ಟು ಹೊತ್ತೂ ಮಗನ ಕಡೆ ನೋಡಲಿಲ್ಲ. ಅಮರನಾಥನಿಗೆ ಈಗ ನಲವತ್ತೊಂದು. ರಟ್ಟಿನ ಪೆಟ್ಟಿಗೆ ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಯಾರಾದರೂ ಹಿಂದಿನಿಂದ ನಕ್ಕರೆ ಈಗಲೂ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ.

ಅದೇ ಅಪ್ಪ ದಿವ್ಯಳ ಜೊತೆ ಮಾತಾಡುವಾಗ ಬೇರೆಯೇ ಮನುಷ್ಯ. ಅವಳು ಬಟ್ಟಲು ಚೆಲ್ಲಿದರೆ "ಪೋನೀ ಬಿಡು ಬಂಗಾರ" ಎನ್ನುತ್ತಾನೆ. ಅವಳು ಬರೆದ ಸೊಟ್ಟ ಆನೆಯನ್ನು ನೋಡಿ ಕುರುಡುಮಲೆಯ ಗಣಪತಿಗಿಂತ ಚೆನ್ನಾಗಿದೆ ಎನ್ನುತ್ತಾನೆ. ಈ ಮಾತುಗಳು ಇಷ್ಟು ವರ್ಷ ಎಲ್ಲಿದ್ದವು ಎಂದು ಅಮರನಾಥನಿಗೆ ಆಶ್ಚರ್ಯ. ಇದ್ದೂ ಕೊಡಲಿಲ್ಲ ಎಂಬುದೇ ಹೊಟ್ಟೆಯೊಳಗಿನ ಬೆಂಕಿ. ಹೆತ್ತ ಮಗಳ ಮೇಲೆ, ಹೆತ್ತ ಅಪ್ಪನ ಮೇಲೆ, ಇಬ್ಬರ ಮೇಲೂ ಒಟ್ಟಿಗೆ ಹೊಟ್ಟೆಕಿಚ್ಚು ಪಡುವ ಗಂಡಸು ಊರಿನಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡು ನಾಚುತ್ತಾನೆ, ಮತ್ತೆ ಪಡುತ್ತಾನೆ. ತಿಂಗಳಿಗೊಮ್ಮೆ ಪಡಿತರದ ಡಿಪೋಗೆ ಮುದುಕನನ್ನು ಕರೆದುಕೊಂಡು ಹೋಗಬೇಕು. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ಒಪ್ಪುವುದಿಲ್ಲ, ಹತ್ತು ಬೆರಳಿಟ್ಟರೂ ಒಪ್ಪುವುದಿಲ್ಲ, ಎಲ್ಲ ಗೆರೆಗಳನ್ನೂ ದೇವರುಗಳಿಗೆ ಉಜ್ಜಿಬಿಟ್ಟಿದ್ದಾನೆ. "ನಿಮ್ಮಪ್ಪಂಗೆ ಬೆರಳೇ ಇಲ್ವಲ್ರೀ" ಎಂದು ಡಿಪೋದವನು ಸಾಲಿನಲ್ಲಿದ್ದವರೆಲ್ಲ ಕೇಳುವಂತೆ ಹೇಳುತ್ತಾನೆ. ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಾನೆ. ನಾಚಿಕೆ ಅಮರನಾಥನ ಪಾಲಿಗೆ ಬರುತ್ತದೆ. ಟೇಕಲ್ ರಸ್ತೆಯ ತಿರುವಿನಲ್ಲಿ ಎದುರಿಗೆ ಬಂದ ಟೊಮೇಟೊ ಲಾರಿ ಹಾರನ್ ಹೊಡೆದಾಗಲೇ ಅವನಿಗೆ ತಾನು ಗಾಡಿ ಓಡಿಸುತ್ತಿದ್ದೇನೆಂಬುದು ನೆನಪಾಯಿತು.

ಮನೆಗೆ ಬಂದಾಗ ನಡುಮನೆಯಲ್ಲಿ ಹಬ್ಬ. ತೊಟ್ಟಿ ಇದ್ದದ್ದು ಅಲ್ಲೇ, ಮುದುಕನ ಮಂಚದ ತಲೆದೆಸೆಯಲ್ಲಿ. ಮೂರು ವಾರದ ಕಲ್ಲುಗಳೆಲ್ಲ ನೀರಿನ ತಳದಲ್ಲಿ ಕೂತಿದ್ದವು, ಕಪ್ಪಗೆ, ಮಿರಮಿರನೆ, ಎರಡು ಅಂಗುಲ ದಪ್ಪಕ್ಕೆ. ಅವನ ಹೆಂಡತಿ ಸುನಂದ ಕೂಡ ಹೊಲಿಗೆ ಯಂತ್ರ ಬಿಟ್ಟು ಬಂದು ನಿಂತಿದ್ದಳು. ಬೆಲ್ಲ ತಲೆ ಕೆಳಗೆ ಮಾಡಿ ಒಂದು ಕಲ್ಲನ್ನು ಬಾಯಿಗೆ ತೆಗೆದುಕೊಂಡು, ಕೆನ್ನೆ ಉಬ್ಬಿಸಿ, ಒಂದೆರಡು ಸಲ ಹೊರಳಿಸಿ ಉಗುಳಿತು. ಕಲ್ಲು ಟಿಕ್ ಎಂದು ಗಾಜಿಗೆ ತಾಗಿ ಬಿತ್ತು.

"ತಾತನ್ ಥರಾನೇ ನೋಡ್ತೈತೆ" ಎಂದು ದಿವ್ಯ ಕುಣಿದಳು. "ಅಪ್ಪ, ನೋಡು, ತಾತನ್ ಥರಾನೇ ಬಾಯಲ್ಲಿ ಆಡ್ಸಿ ಉಗಿತೈತೆ."

ಈಗ ಹೇಳಬೇಕು. ಅವನು ಬಾಯಿ ತೆರೆದ. "ನಾಯ್ನ, ಈ ಕಲ್ಲು..." ಎಂದ.

"ಏನಪ್ಪ ಈ ಕಲ್ಲಿಗೆ?" ಎಂದು ಮುದುಕ ತಿರುಗಿದ. ಅವನ ಮುಖದಲ್ಲಿ ಮೊಮ್ಮಗಳಿಗಾಗಿ ಇದ್ದ ನಗು ಇನ್ನೂ ಆರಿರಲಿಲ್ಲ. ಅದೇ ನಗುವಿನಲ್ಲಿ, ಕೆಡುಕಿಲ್ಲದೆ, ತಮಾಷೆಗೆ, ದಿವ್ಯಳ ಕಡೆ ಕಣ್ಣು ಹೊಡೆದು ಹೇಳಿದ: "ನಿಮ್ಮಪ್ಪಂಗೆ ಕಲ್ಲಿನ ವಿಷ್ಯ ಕೇಳ್ಬೇಡಮ್ಮ. ಅವನು ಉಜ್ಜಿದ್ರೆ ದೇವ್ರಿಗೇ ಗಾಯ ಆಗುತ್ತೆ."

ದಿವ್ಯ ನಕ್ಕಳು. ಏನೆಂದು ತಿಳಿಯದೆ, ತಾತ ನಕ್ಕನೆಂದು ನಕ್ಕಳು. ಸುನಂದಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಮರನಾಥ ಕೈ ಜೇಬಿಗೆ ಹಾಕಿಕೊಂಡ. ಹೇಳಬೇಕೆಂದುಕೊಂಡು ಬಂದ ಮಾತು ಗಂಟಲಿನಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಅಲ್ಲೇ ಇಟ್ಟುಕೊಂಡು "ಚೆನ್ನಾಗೈತೆ" ಎಂದ. "ಚೆನ್ನಾಗೈತೆ ನಾಯ್ನ" ಎಂದು ಇನ್ನೊಮ್ಮೆ ಹೇಳಿದ. ಇಷ್ಟು ವರ್ಷಕ್ಕೆ ಮಗ ತನ್ನ ಕೆಲಸವನ್ನು ಹೊಗಳಿದನೆಂದು ಮುದುಕನ ಕಣ್ಣು ಒದ್ದೆಯಾಯಿತು. ಅದನ್ನು ನೋಡಿಯೂ ಅಮರನಾಥ ಒಳಗೆ ಹೋಗಿ ಕೈಕಾಲು ತೊಳೆದುಕೊಂಡ.

ಮರಳಿನ ಚೀಲವನ್ನು ಆ ಸಂಜೆಯೇ, ಹಾಲು ತರುವ ನೆಪದಲ್ಲಿ, ಬೀದಿ ತುದಿಯಲ್ಲಿ ಯಾರೋ ಮನೆ ಕಟ್ಟಿಸಲು ಸುರಿಸಿದ್ದ ಮರಳು ರಾಶಿಯ ಮೇಲೆ ಬಗ್ಗಿಸಿದ. ಸುರಿದ ಮರಳು ಎಲ್ಲಿ ಬಿತ್ತೆಂದು ಅವನಿಗೇ ಗೊತ್ತಾಗದಷ್ಟು ಚೆನ್ನಾಗಿ ಬೆರೆಯಿತು. ಹಾಲು ತೆಗೆದುಕೊಂಡು ಹಿಂದಿರುಗುವಾಗ ತನ್ನನ್ನೇ ಸಮಾಧಾನ ಮಾಡಿಕೊಂಡ: ಗೋಪಿ ವ್ಯಾಪಾರಿ, ಮರಳು ಮಾರಲು ಹೇಳಿರಬಹುದು. ಎಲ್ಲ ಮೀನೂ ಸಾಯುವುದಿಲ್ಲ. ನಾಳೆ ಹೇಳಿದರೂ ಆಯಿತು.

ನಾಳೆ ಹೇಳಲಿಲ್ಲ. ನಾಡಿದ್ದು ಹೇಳುವುದಕ್ಕೆ ಹೋದರೆ ನಿನ್ನೆ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಹುಟ್ಟಿತ್ತು, ಅದಕ್ಕೆ ಉತ್ತರ ಹುಡುಕುವುದರಲ್ಲಿ ಇನ್ನೆರಡು ದಿನ ಹೋಯಿತು. ಐದನೆಯ ದಿನಕ್ಕೆ ಅದು ನುಂಗಲಾರದ ತುತ್ತಾಗಿ ಕೂತಿತ್ತು. ಕಾರ್ಖಾನೆಯಿಂದ ಬಂದವನು ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅಪ್ಪನಿಗೂ ಮೀನಿನ ಹುಚ್ಚು ಹಿಡಿಯಿತು ಎಂದು ದಿವ್ಯಳಿಗೆ ಸಂಭ್ರಮ. ಬೆಲ್ಲ ಕಲ್ಲೆತ್ತಿದಾಗಲೆಲ್ಲ ಅವನ ಉಸಿರು ನಿಲ್ಲುತ್ತಿತ್ತು, ಟಿಕ್ ಎಂದು ಉಗುಳಿದಾಗ ಮತ್ತೆ ಆಡುತ್ತಿತ್ತು. ಆ ಸದ್ದಿಗೆ ತನಗಾಗುವುದು ನೆಮ್ಮದಿಯೋ ನಿರಾಸೆಯೋ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ, ಕೇಳಿಕೊಂಡರೆ ಗೊತ್ತಾಗಿಬಿಡುತ್ತಿತ್ತು. ಕಾರ್ಖಾನೆಯಲ್ಲಿ ರಟ್ಟಿನ ಕಟ್ಟುಗಳನ್ನು ಎರಡು ಸಲ ತಪ್ಪು ಎಣಿಸಿದ್ದಕ್ಕೆ, ಅವನಿಗಿಂತ ಹದಿನೈದು ವರ್ಷ ಚಿಕ್ಕವನಾದ ಸೂಪರ್‌ವೈಸರ್ "ಅಮರನಾಥ್, ಒಂದು ಎರಡು ಬರುತ್ತೆ ತಾನೇ" ಎಂದು ಅಂಟು ಹಚ್ಚುವ ಹೆಂಗಸರ ಮುಂದೆ ಕೇಳಿದ. ಹೆಂಗಸರು ನಗಲಿಲ್ಲ, ಮುಖ ತಗ್ಗಿಸಿದರು. ನಕ್ಕಿದ್ದರೇ ವಾಸಿಯಿತ್ತು. ಮನೆಗೆ ಬಂದರೆ ಮುದುಕ ಮಂಚದ ಮೇಲೆ ಒರಗಿ, ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ, ಒಬ್ಬ ಮನುಷ್ಯ ಪಡೆಯಬೇಕಾದದ್ದನ್ನೆಲ್ಲ ಪಡೆದವನಂತೆ ಕೂತಿರುತ್ತಿದ್ದ. ತೊಟ್ಟಿ ಬಂದ ಮೇಲೆ ಅವನ ಕೆಮ್ಮು ಕೂಡ ಕಡಿಮೆಯಾಗಿತ್ತು, ಅಥವಾ ಸುನಂದ ಹಾಗೆ ಹೇಳಿದಳು. ಒಂದು ಸಂಜೆ ದಿವ್ಯ ತನ್ನ ಶಾಲೆಯ ಗೆಳತಿಯರನ್ನು ಕರೆತಂದು, ತೊಟ್ಟಿಯ ಮುಂದೆ ಸಾಲಾಗಿ ಕೂರಿಸಿ, "ಇದೆಲ್ಲ ನಮ್ಮ ತಾತನ ಕೈಯಲ್ಲಿ ಮಾಡಿದ್ದು, ಒಂದೊಂದೂ ನಮ್ಮ ತಾತನ ಬಾಯಲ್ಲಿ ಹೋಗಿ ಬಂದಿರೋದು" ಎಂದು ಹೇಳಿದಳು. ಮಕ್ಕಳು ಮೂಗು ಮುರಿದರೂ ಅವಳ ಮುಖದಲ್ಲಿ ಹೆಮ್ಮೆ ಕುಗ್ಗಲಿಲ್ಲ. ನಮ್ಮಪ್ಪ ಸ್ಟೋರ್ ಕೀಪರ್ ಎಂದು ಅವಳು ಯಾರಿಗಾದರೂ ಹೀಗೆ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಆ ರಾತ್ರಿ ಉಣ್ಣುವಾಗ, ಆದದ್ದಾಗಲಿ ಎಂದು ಮನಸ್ಸಿನಲ್ಲಿ ಸ್ಪಷ್ಟವಾಗಿ, ಅಕ್ಷರ ಅಕ್ಷರವಾಗಿ ಅಂದುಕೊಂಡ.

ಆದದ್ದು ಒಂಬತ್ತನೆಯ ದಿನ, ಭಾನುವಾರ ಬೆಳಿಗ್ಗೆ. ದಿವ್ಯ ಕೂಗಿಕೊಂಡ ಸದ್ದಿಗೆ ಅವನು ಬಚ್ಚಲಿನಿಂದ ಮುಖದ ಮೇಲೆ ಸೋಪಿನ ನೊರೆ ಇದ್ದ ಹಾಗೇ ಬಂದ. ಬೆಲ್ಲ ನೀರಿನ ಮೇಲುಗಡೆ ವಾರೆಯಾಗಿ ತೇಲುತ್ತ, ಬಾಯನ್ನು ದುಂಡಗೆ ತೆರೆದುಕೊಂಡಿತ್ತು. ಮುಚ್ಚಲು ಆಗುತ್ತಿರಲಿಲ್ಲ. ಬಾಯೊಳಗೆ ಕಪ್ಪು ಕಲ್ಲು ಕಾಣುತ್ತಿತ್ತು, ಹಲ್ಲಿಲ್ಲದ ಬಾಯಲ್ಲಿ ಒಂದೇ ಹಲ್ಲಿದ್ದ ಹಾಗೆ. ಕಿವಿರು ಬೇಗ ಬೇಗ ಬಡಿದುಕೊಳ್ಳುತ್ತಿತ್ತು. ಜೀವ ಇನ್ನೂ ಗಟ್ಟಿಯಾಗಿತ್ತು.

"ರೀ, ಅಂಗಡಿಯವ್ರಿಗೆ ಫೋನ್ ಮಾಡ್ರಿ. ಕೋಲಾರದಲ್ಲಿ ಮೀನಿನಂಗಡಿಗೆ ಹೋಗಿದ್ದೆ ಅಂದಿದ್ರಲ್ಲ" ಎಂದು ಸುನಂದ ಹೇಳಿದಳು.

ಫೋನ್ ಮಾಡಿದರೆ ಗೋಪಿ ಏನು ಹೇಳುತ್ತಾನೆಂದು ಅಮರನಾಥನಿಗೆ ಗೊತ್ತಿತ್ತು. ಅವತ್ತೇ ಹೇಳಿದ್ನಲ್ಲ ಸಾರ್. ಫೋನ್ ಸದ್ದು ಮನೆಗೆಲ್ಲ ಕೇಳಿಸುತ್ತದೆ. "ಭಾನುವಾರ ತೆಗೆದಿರಲ್ಲ" ಎಂದ.

ಅಷ್ಟರಲ್ಲಿ ದಿವ್ಯ ಸ್ಟೀಲ್ ಬಟ್ಟಲಿನಲ್ಲಿ ಮೀನನ್ನು ನೀರು ಸಮೇತ ಎತ್ತಿಕೊಂಡಿದ್ದಳು. ಎತ್ತಿಕೊಂಡು ಅವಳು ತಿರುಗಿದ್ದು ಅಪ್ಪನ ಕಡೆಗಲ್ಲ. "ತಾತ, ತೆಗಿ. ನೀನು ತೆಗಿ ತಾತ" ಎಂದು ಬಟ್ಟಲನ್ನು ಮಂಚದ ಕಡೆ ಚಾಚಿದಳು. ಇಷ್ಟೆಲ್ಲ ಆದ ಮೇಲೂ ತಾತನೇ. ಮುದುಕ ಆಗಲೇ ಮಂಚದಿಂದಿಳಿದು ಎರಡೂ ಕೈಯನ್ನು ಚೊಂಬಿನ ನೀರಿನಲ್ಲಿ ಅದ್ದಿಕೊಂಡಿದ್ದ. "ಕೊಡಮ್ಮ. ಹಿಂದುಗಡೆಯಿಂದ ಒಂಚೂರು ಒತ್ತಿದ್ರೆ ಅದೇ ಜಾರ್ಕೊಂಡು ಬರುತ್ತೆ. ನಂಗೊತ್ತು ಅದರ ನಯ" ಎಂದ. ಅವನ ದನಿಯಲ್ಲಿ ಗಾಬರಿ ಇರಲಿಲ್ಲ. ಗೆರೆಯಿಲ್ಲದ ಆ ಬೆರಳುಗಳು ಮೀನಿನ ಮೈಯಂತೆಯೇ ನುಣ್ಣಗೆ ಹೊಳೆಯುತ್ತಿದ್ದವು. ಇವನು ತೆಗೆದೇ ತೆಗೆಯುತ್ತಾನೆ, ಮೀನು ಬದುಕುತ್ತದೆ, ಕಲ್ಲಿಟ್ಟವನೇ ಕಾಪಾಡಿದವನೂ ಆಗುತ್ತಾನೆ ಎಂದು ಅಮರನಾಥನಿಗೆ ಖಂಡಿತವಾಗಿ ಅನಿಸಿತು.

"ಅವರ ಕಲ್ಲಿಂದಾನೇ ಆಗಿರೋದು. ಈಗ ಅವರ ಕೈಗೇ ಕೊಡ್ತೀಯಾ?" ಎಂದ.

ದಿವ್ಯಳ ಕೈ ನಿಂತಿತು. ಅವಳು ತಾತನನ್ನು ನೋಡಿದಳು, ಬಟ್ಟಲಿನೊಳಗೆ ನೋಡಿದಳು, ಮತ್ತೆ ತಾತನನ್ನು ನೋಡಿದಳು. ಮಗುವಿನ ಮುಖದಲ್ಲಿ ಒಂದು ವಿಚಾರ ಮೊದಲ ಸಲ ಹುಟ್ಟುವುದನ್ನು ಅಮರನಾಥ ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. "ನಂಗೆ ಕೊಡಪ್ಪ. ಕೊಡು, ಹೊತ್ತಾಗ್ತಾ ಐತೆ" ಎಂದು ಮುದುಕ ಈಗ ಮಗನನ್ನು ಕೇಳಿದ. ಒದ್ದೆ ಕೈಗಳು ಹಾಗೆಯೇ ಚಾಚಿದ್ದವು, ನೀರು ಮೊಣಕೈವರೆಗೂ ಇಳಿಯುತ್ತಿತ್ತು. ಅಮರನಾಥ ಬಟ್ಟಲನ್ನು ಕಿತ್ತುಕೊಂಡು ಮೀನನ್ನು ಎಡಗೈಯಲ್ಲಿ ಹಿಡಿದ.

ಅದು ಅವನು ಎಣಿಸಿದ್ದಕ್ಕಿಂತ ಮೆತ್ತಗಿತ್ತು, ಎಣಿಸಿದ್ದಕ್ಕಿಂತ ಬಲವಾಗಿತ್ತು. ಒಮ್ಮೆ ಕೊಸರಿತು. ಬೀಳುತ್ತದೆಂದು ಬಿಗಿ ಹಿಡಿದ. ಬಲಗೈ ಹೆಬ್ಬೆರಳನ್ನು ಗಂಟಲ ಕೆಳಗಿಟ್ಟು ಒತ್ತಿದ, ಬರಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಎನಿಸಿ ಇನ್ನಷ್ಟು ಒತ್ತಿದ. "ಮೆಲ್ಲಗೆ, ಮೆಲ್ಲಗೆ ಕಣಪ್ಪ" ಎಂದು ಮುದುಕ ಹೇಳಿದ. ಮೆಲ್ಲಗೆ ಎಂಬ ಆ ಮಾತಿಗೇ, ಆ ಮಾತು ಆ ಬಾಯಿಂದ ಬಂದದ್ದಕ್ಕೇ, ಅವನ ಹೆಬ್ಬೆರಳು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಇಳಿಯಿತು. ಒಳಗೆ ಏನೋ ಸಣ್ಣದು, ಹಪ್ಪಳದ ಅಂಚಿನಂಥದ್ದು, ಮುರಿದದ್ದು ಬೆರಳಿಗೆ ಗೊತ್ತಾಯಿತು. ಕಲ್ಲು ಏನೂ ತೊಂದರೆಯಿಲ್ಲದೆ ಜಾರಿ ಬಟ್ಟಲಿಗೆ ಬಿತ್ತು. ಅಷ್ಟೇನೂ ಬಿಗಿಯಾಗಿರಲಿಲ್ಲ ಅದು. ಮೀನು ಬಾಯಿ ಮುಚ್ಚಿತು, ಒಮ್ಮೆ ತೆರೆಯಿತು, ಆಮೇಲೆ ಆಡಲಿಲ್ಲ.

"ಬಂತು. ಬಂತಲ್ಲ ಅಪ್ಪ" ಎಂದು ದಿವ್ಯ ಹೇಳುತ್ತಿದ್ದಳು. ನೀರಿಗೆ ಬಿಟ್ಟ ಮೀನು ಮಗ್ಗುಲಾಗಿ ತೇಲಿತು. ಅವಳು ಬೆರಳಿನಿಂದ ಅದನ್ನು ಎರಡು ಸಲ ನೆಟ್ಟಗೆ ಮಾಡಿದಳು.

ಮುದುಕ ಬಗ್ಗಿ ಮೀನನ್ನು ಅಂಗೈಗೆ ತೆಗೆದುಕೊಂಡ. ಕಣ್ಣು ಮಂಜಾದವನು ನೋಡಲಿಲ್ಲ, ಕಿವಿರಿನ ಮೇಲೆ ತುಟಿಯನ್ನು ಒಮ್ಮೆ ನಿಧಾನವಾಗಿ ಆಡಿಸಿದ, ದೇವರ ಮುಖದಲ್ಲಿ ಗೀರು ಹುಡುಕುವವನ ಹಾಗೆ. ಒಂದು ಕಡೆ ತುಟಿ ನಿಂತಿತು. ಅಲ್ಲಿಂದ ತಲೆ ಎತ್ತಿ ಮಗನ ಬಲಗೈಯನ್ನು ನೋಡಿದ. ಅಮರನಾಥ ಕೈಯನ್ನು ಜೇಬಿಗೆ ಹಾಕಲು ಹೋದರೆ ಉಟ್ಟದ್ದು ಟವೆಲ್, ಜೇಬಿರಲಿಲ್ಲ. ಈಗ ಹೇಳುತ್ತಾನೆ, ಎಲ್ಲರ ಮುಂದೆ ಹೇಳುತ್ತಾನೆ ಎಂದು ಅವನು ಕಾದ. ಹೇಳಿದ್ದರೆ ಆಗಬಹುದಾಗಿತ್ತು. ಬಯ್ಗುಳ ಬಂದಿದ್ದರೆ ಅವನಿಗೆ ಅಪ್ಪನನ್ನು ಜೀವನಪೂರ್ತಿ ದ್ವೇಷಿಸಲು ಹೊಸ ಕಾರಣ ಸಿಗುತ್ತಿತ್ತು.

"ಏನಾಯ್ತು ತಾತ?" ಎಂದು ದಿವ್ಯ ಕೇಳಿದಳು.

"ಕಲ್ಲು ಸಿಕ್ಕಾಕ್ಕೊಂಡು ಬಾಳ ಹೊತ್ತಾಗಿತ್ತಮ್ಮ" ಎಂದ ಮುದುಕ. "ನಾನು ಅಳತೆ ತಪ್ಪಿದೆ. ನಿಮ್ಮಪ್ಪ ಏನ್ ಮಾಡಕ್ಕಾಗುತ್ತೆ?"

ಅಮರನಾಥನ ಒಂದು ಮಾತು, ಇಲ್ಲ ಎಂಬ ಎರಡಕ್ಷರ ಸಾಕಿತ್ತು. ನೊರೆ ಒಣಗಿ ಮುಖದ ಚರ್ಮ ಬಿಗಿಯುತ್ತಿತ್ತು. ದಿವ್ಯ ತಾತನ ಅಂಗೈಯಿಂದ ಮೀನನ್ನು ತೆಗೆದುಕೊಂಡಳು, ಅವನ ಬೆರಳು ತನ್ನ ಬೆರಳಿಗೆ ತಾಗದ ಹಾಗೆ ತೆಗೆದುಕೊಂಡಳು. "ನೀನೇ ಸಾಯ್ಸಿದ್ದು" ಎಂದು ಅಳದೆ ಹೇಳಿದಳು. ಹೇಳಿ ಬಂದು ಅಪ್ಪನ ಸೊಂಟಕ್ಕೆ ಮುಖವಿಟ್ಟು ಅಳತೊಡಗಿದಳು. ಅವಳಿಗೆ ನಾಲ್ಕು ವರ್ಷ ತುಂಬಿದ ಮೇಲೆ ಹಾಗೆ ಬಂದು ಅಪ್ಪಿಕೊಂಡಿರಲಿಲ್ಲ. ಅವನು ಅವಳ ಬೆನ್ನು ಸವರಿದ. ಮಗಳ ತಲೆಯಲ್ಲಿ ನಿನ್ನೆ ತಾತ ಹಚ್ಚಿದ ಎಣ್ಣೆಯ ವಾಸನೆ ಇತ್ತು. ಅವನಿಗೆ ಸುಖವಾಯಿತು. ಆ ಸುಖವನ್ನು ಬಿಟ್ಟುಕೊಡಲು ಯಾವ ನ್ಯಾಯಕ್ಕೂ ತಾನು ತಯಾರಿಲ್ಲವೆಂದು ಗೊತ್ತಾಗಿ, ಬೆನ್ನು ಸವರುತ್ತಲೇ ನಿಂತ.

ಕಲ್ಲುಗಳನ್ನು ಮುದುಕನೇ ತೋಡಿ ತೆಗೆದ. ಮಧ್ಯಾಹ್ನವೆಲ್ಲ ಅದೇ ಕೆಲಸ. ಗೋಣಿಚೀಲಕ್ಕೆ ತುಂಬಿ ಹಿತ್ತಿಲ ಮೂಲೆಗೆ ಇಟ್ಟು ಬಂದ. ಆ ವಾರವೆಲ್ಲ ದಿವ್ಯ ಅವನ ಪಕ್ಕ ಊಟಕ್ಕೆ ಕೂರಲಿಲ್ಲ. ತಲೆಗೆ ಎಣ್ಣೆ ಹಚ್ಚಲು ಕರೆದರೆ ಅಮ್ಮನ ಹತ್ತಿರ ಹೋದಳು. ಸುನಂದ ಒಮ್ಮೆ "ತಾತನ್ನ ಮಾತಾಡ್ಸೇ, ಪಾಪ" ಎಂದಾಗ, "ನೀನ್ ಸುಮ್ನಿರಮ್ಮ" ಎಂದು ಎದ್ದು ಹೋದಳು. ಆ ದನಿ ಯಾರದ್ದೆಂದು ಸುನಂದಳಿಗೆ ಗೊತ್ತಾಗಿ ಗಂಡನನ್ನು ನೋಡಿದಳು. ಮುಂದಿನ ಶನಿವಾರ ಅಮರನಾಥ ಮಗಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೊಸ ಮೀನು ತರಲು ಹೋದ. ಕೋಲಾರಕ್ಕಲ್ಲ, ಹೊಸಕೋಟೆಗೆ. ಗೋಪಿಯ ಅಂಗಡಿ ಹಳೆಯದಾಯಿತು, ಮೀನು ಚೆನ್ನಾಗಿಲ್ಲ ಎಂದು ಅವಳಿಗೆ ಹೇಳಿದ್ದ. ಅಲ್ಲಿಯ ಅಂಗಡಿಯವಳು ಮರಳು ತೋರಿಸಿದಳು, ದೊಡ್ಡ ಗುಂಡುಕಲ್ಲು ತೋರಿಸಿದಳು, ಏನೂ ಹಾಕದಿದ್ದರೂ ನಡೆಯುತ್ತೆ, ತೊಳೆಯಲು ಸುಲಭ ಎಂದಳು. "ಯಾವುದು ಹಾಕೋಣ, ನೀನೇ ಹೇಳಪ್ಪ" ಎಂದು ದಿವ್ಯ ಅವನ ಕೈ ಹಿಡಿದುಕೊಂಡು ಕೇಳಿದಳು. ಇದೇ ಮಾತಿಗೆ ಅವನು ಇಷ್ಟು ದಿನ ಕಾದಿದ್ದ. ಬಂದ ಮೇಲೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. "ಏನೂ ಬೇಡ" ಎಂದ.

ಮನೆಯಲ್ಲಿ ಹೊಸ ಮೀನು ಬೋಳು ಗಾಜಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡಿತು. ತಲೆ ಕೆಳಗೆ ಮಾಡಿ ಗಾಜನ್ನು ಕುಕ್ಕಿತು, ಏನೂ ಸಿಗದೆ ಮತ್ತೆ ಕುಕ್ಕಿತು. ದಿವ್ಯ ಅದಕ್ಕೆ ಹೆಸರಿಡಲಿಲ್ಲ. ತೊಟ್ಟಿಯ ಪಕ್ಕದ ಮಂಚವನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದು, "ಅಪ್ಪ, ತಾತ ಇಲ್ಲಿ ಮಲಗಬಾರ್ದು. ಹೇಳು ಹೋಗು. ಇಲ್ಲಿದ್ರೆ ಇದನ್ನೂ ಸಾಯಿಸ್ತಾರೆ" ಎಂದಳು. ಒಂಬತ್ತು ವರ್ಷದ ಮಗುವಿನ ಮಾತು, ಬುದ್ಧಿ ಹೇಳಿ ಗದರಿಸಬಹುದಾಗಿತ್ತು. ಗದರಿಸಲೆಂದೇ ಅವಳ ಕಡೆ ತಿರುಗಿದ. ಅವಳು ಅವನನ್ನು ಪೂರ್ತಿ ನಂಬಿ ನೋಡುತ್ತಿದ್ದಳು. "ಸರಿ" ಎಂದ.

ಮುದುಕ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಕೈಯಲ್ಲಿ ಏನೂ ಕೆಲಸವಿರಲಿಲ್ಲ. ಮಗ ಬಂದದ್ದನ್ನು ಕಂಡು ಅರ್ಧ ಎದ್ದ. "ಮಗು ಏನಾದ್ರೂ ಅಂದ್ಲಾ?" ಎಂದು ಕೇಳಿದ. ಕೇಳಿದ ರೀತಿಯಲ್ಲಿ ಆಸೆ ಇತ್ತು, ಅದನ್ನು ಮುಚ್ಚಿಕೊಳ್ಳುವಷ್ಟು ಜಾಣತನ ಮುದುಕನಿಗೆ ಇರಲಿಲ್ಲ. ಅಮರನಾಥ ಅವನ ಕಣ್ಣು ನೋಡದೆ ಹೇಳಿದ, ನಡುಮನೆಯಲ್ಲಿ ಮಲಗುವುದು ಬೇಡವಂತೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಮಗಳು ಹೇಳದೇ ಇದ್ದದ್ದನ್ನೂ ಸೇರಿಸಿದ: "ಇನ್ಮೇಲೆ ಹಿಂದ್ಗಡೆ ಶೀಟಿನ ರೂಮಲ್ಲೇ ಇರು ನಾಯ್ನ. ಊಟಾನೂ ಅಲ್ಲಿಗೇ ಕೊಡಿಸ್ತೀನಿ. ನೀನು ಕಣ್ಣಿಗೆ ಬಿದ್ರೆ ಅವಳಿಗೆ ಆಗಲ್ಲ." ಹೇಳುವಾಗ ಅವನ ಎದೆಯಲ್ಲಿ ಏನೋ ಕಿತ್ತು ಬಂದ ಹಾಗೆ ನೋವಾಯಿತು, ನೋವಾದದ್ದರಿಂದ ಮಾತೇನೂ ನಿಲ್ಲಲಿಲ್ಲ.

ಮುದುಕ ಮತ್ತೆ ಕೂತ. ತುಂಬ ಹೊತ್ತು ತನ್ನ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಉಜ್ಜುತ್ತಿದ್ದ. ಮಗನ ಗುಟ್ಟು ಅವನ ಹತ್ತಿರವೇ ಇತ್ತು, ಅದನ್ನು ಈಗಲೂ ತೆಗೆಯಲಿಲ್ಲ.

"ಹೊಸ ಮೀನಿಗೆ ಕೆಳಗಡೆ ಏನ್ ಹಾಕಿದ್ರಿ?" ಎಂದು ಕೊನೆಗೆ ಕೇಳಿದ.

"ಏನೂ ಇಲ್ಲ. ಬರೀ ಗಾಜು."

"ನೆಲಾನೇ ಇಲ್ದೆ ಹೆಂಗಿರುತ್ತಪ್ಪ ಅದು?"

"ಇರುತ್ತೆ. ನಾಕು ದಿನಕ್ಕೆ ಅಭ್ಯಾಸ ಆಗೋಗುತ್ತೆ" ಎಂದು ಹೇಳಿ ಅಮರನಾಥ ಹಾಸಿಗೆ ತರಲು ಒಳಗೆ ಹೋದ.